ಹವಾಮಾನ ಅಪಾಯದ ಚೌಕಟ್ಟುಗಳನ್ನು ಹೋಲಿಸಿ ಆಯ್ದುಕೊಳ್ಳುವ ಬಗೆ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಘಟಕವಿದೆ ಎಂದುಕೊಳ್ಳೋಣ. ಅದರ ಮಾಲು ಕೊಳ್ಳುವ ದೊಡ್ಡ ಕಂಪನಿ ವರ್ಷಕ್ಕೊಮ್ಮೆ ಪ್ರಶ್ನಾವಳಿ ಕಳಿಸಿ, ಎಷ್ಟು ಯೂನಿಟ್ ವಿದ್ಯುತ್ ಬಳಸಿದಿರಿ, ಜನರೇಟರಿಗೆ ಎಷ್ಟು ಲೀಟರ್ ಡೀಸೆಲ್ ಹಾಕಿದಿರಿ ಎಂದು ಕೇಳುತ್ತದೆ. ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರದ ತಪಾಸಣೆಗೆ ಬಂದ ಆಡಿಟರ್, ಹವಾಮಾನ ಬದಲಾವಣೆಯು ನಿಮ್ಮ ಸಂಸ್ಥೆಗೆ ಸಂಬಂಧಪಟ್ಟ ವಿಷಯ ಹೌದೋ ಅಲ್ಲವೋ ಎಂಬುದನ್ನು ನಿರ್ಧರಿಸಿದ್ದೀರಾ ಎಂದು ಕೇಳುತ್ತಾರೆ. ಸಾಲ ಕೊಟ್ಟ ಬ್ಯಾಂಕಿನವರು ಘಟಕವು ನೀರು ನುಗ್ಗುವ ಜಾಗದಲ್ಲಿದೆಯೇ ಎಂದು ವಿಚಾರಿಸುತ್ತಾರೆ. ಮೂವರೂ ಕೇಳುತ್ತಿರುವುದು ಹವಾಮಾನದ ವಿಚಾರವನ್ನೇ ಆದರೂ ಈ ಪ್ರಶ್ನೆಗಳ ಹಿಂದಿರುವ ಕಟ್ಟಳೆಗಳು ಬೇರೆ ಬೇರೆಯಾಗಿರುವುದರಿಂದ ಒಬ್ಬರಿಗೆ ಕೊಟ್ಟ ಉತ್ತರ ಇನ್ನೊಬ್ಬರಿಗೆ ಸಲ್ಲುವುದಿಲ್ಲ.

ಇಂಥ ಸಂದರ್ಭದಲ್ಲಿ ಬಹಳ ಜನ ಮಾಡುವ ಮೊದಲ ಕೆಲಸವೆಂದರೆ ಸಿಕ್ಕ ಚೌಕಟ್ಟುಗಳ, ಅಂದರೆ ಹವಾಮಾನದ ಅಪಾಯವನ್ನು ಅಳೆಯುವ, ನಿಭಾಯಿಸುವ, ವರದಿ ಮಾಡುವ ಮಾದರಿಗಳ, ಹೆಸರನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದು, ಯಾವುದು ಉತ್ತಮ ಎಂದು ಅಂಕ ಹಾಕುವುದು. ಅದರಿಂದ ಪ್ರಯೋಜನ ಕಡಿಮೆ ಎಂಬುದು ನನ್ನ ಅಭಿಪ್ರಾಯ. ವರದಿಯ ಮಾದರಿಯಾದ ಟಿಸಿಎಫ್‌ಡಿ ಒಳ್ಳೆಯದೋ ಅಪಾಯ ಅಂದಾಜಿಸುವ ವಿಧಾನವಾದ ಐಎಸ್‌ಒ 14091 ಒಳ್ಳೆಯದೋ ಎಂದು ಕೇಳುವುದು, ಕೂರಿಗೆ ಮೇಲೋ ರಾಶಿ ಅಳೆಯುವ ಕೊಳಗ ಮೇಲೋ ಎಂದು ಕೇಳಿದ ಹಾಗೆ. ಮೊದಲು ಅವುಗಳನ್ನು ಕೆಲಸದ ಮೇಲೆ ವಿಂಗಡಿಸಬೇಕು. ಒಂದೇ ಕೆಲಸ ಮಾಡುವವುಗಳ ನಡುವೆ ಮಾತ್ರ ಹೋಲಿಕೆಗೆ ಅರ್ಥವಿದೆ.

ಕೆಲಸದ ಪ್ರಕಾರ ವಿಂಗಡಣೆ

ಮೊದಲ ಗುಂಪು, ಹೊರಗಿನವರಿಗೆ ಏನು ಹೇಳಬೇಕು ಎಂಬುದನ್ನು ಗೊತ್ತುಪಡಿಸುವಂಥದು. ಹಣಕಾಸು ಸ್ಥಿರತಾ ಮಂಡಳಿಯು 2015ರ ಡಿಸೆಂಬರಿನಲ್ಲಿ ರಚಿಸಿದ ಕಾರ್ಯಪಡೆ, ಅಂದರೆ ಟಿಸಿಎಫ್‌ಡಿ, 2017ರ ಜೂನ್‌ನಲ್ಲಿ ತನ್ನ ಶಿಫಾರಸುಗಳನ್ನು ಪ್ರಕಟಿಸಿತು. ಆಡಳಿತ, ಕಾರ್ಯತಂತ್ರ, ಅಪಾಯ ನಿರ್ವಹಣೆ, ಅಳತೆಗಳು ಮತ್ತು ಗುರಿಗಳು ಎಂಬ ಅದರ ನಾಲ್ಕು ಕಂಬಗಳು ಹಾಗೂ ಅವುಗಳಡಿಯ 11 ಅಂಶಗಳು ಇಂದಿಗೂ ಹಲವು ವರದಿ ಮಾದರಿಗಳ ಅಡಿಪಾಯವಾಗಿವೆ. ಕಾರ್ಯಪಡೆಯನ್ನೇ 2023ರ ಅಕ್ಟೋಬರಿನಲ್ಲಿ ವಿಸರ್ಜಿಸಲಾಯಿತು. ಅದರ ಜಾಗಕ್ಕೆ 2023ರ ಜೂನ್‌ನಲ್ಲಿ ಹೊರಬಂದ ಐಎಫ್‌ಆರ್‌ಎಸ್ ಎಸ್1 (ಸುಸ್ಥಿರತೆಯ ಸಾಮಾನ್ಯ ವರದಿ) ಮತ್ತು ಎಸ್2 (ಹವಾಮಾನದ ವರದಿ) ಎಂಬ ಅಂತರರಾಷ್ಟ್ರೀಯ ಮಾನದಂಡಗಳು ಬಂದಿವೆ. ಆದ್ದರಿಂದ ಇಂದು ಹೊಸದಾಗಿ ಆರಂಭಿಸುವವರು ಟಿಸಿಎಫ್‌ಡಿಯ ಕಂಬಗಳನ್ನು ಅರಿತುಕೊಂಡು ಎಸ್2 ಪಠ್ಯವನ್ನು ಹಿಡಿಯುವುದು ಸರಿಯಾದ ದಾರಿ. ಭಾರತದಲ್ಲಿ ಈ ಗುಂಪಿಗೆ ಸೇರುವುದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ), ಯುರೋಪಿನಲ್ಲಿ ಇಎಸ್‌ಆರ್‌ಎಸ್ (ಯುರೋಪಿನ ಸುಸ್ಥಿರತಾ ವರದಿಯ ಮಾನದಂಡಗಳು).

ಎರಡನೆಯ ಗುಂಪು, ಸಂಸ್ಥೆಯ ಒಳಗೆ ಕೆಲಸ ನಡೆಸುವ ಕ್ರಮವನ್ನು ಹೇಳುವಂಥದು. ಐಎಸ್‌ಒ 31000 ಎಲ್ಲ ಬಗೆಯ ಅಪಾಯಗಳಿಗೂ ಅನ್ವಯಿಸುವ ಮಾರ್ಗದರ್ಶಿ. ಈಗ ಚಾಲ್ತಿಯಲ್ಲಿರುವುದು ಅದರ 2018ರ ಆವೃತ್ತಿ. ಸಂದರ್ಭವನ್ನು ಅರಿಯುವುದು, ಅಪಾಯವನ್ನು ಗುರುತಿಸುವುದು, ವಿಶ್ಲೇಷಿಸುವುದು, ತೂಗಿ ನೋಡುವುದು, ಪರಿಹಾರ ಕೈಗೊಳ್ಳುವುದು, ಮೇಲ್ವಿಚಾರಣೆ ಮಾಡುವುದು ಎಂಬ ಅದರ ಕ್ರಮ ಸರಳವಾಗಿದೆ. ಇದಕ್ಕೆ ಪ್ರಮಾಣಪತ್ರ ಕೊಡುವ ಪದ್ಧತಿ ಇಲ್ಲ ಎಂಬುದನ್ನು ನೆನಪಿಡಬೇಕು. 31000ರ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಕಂಪನಿಯ ಬಾಗಿಲಿಗೆ ಬಂದರೆ ಅವರನ್ನು ಚಹಾ ಕೊಟ್ಟು ಕಳಿಸಬಹುದು. ಹವಾಮಾನ ಹೊಂದಾಣಿಕೆಗೆ ಮೀಸಲಾದ ಐಎಸ್‌ಒ 14090 2019ರಲ್ಲಿ ಬಂದಿತು.

ಮೂರನೆಯದು ಅಪಾಯವನ್ನು ಅಂದಾಜು ಮಾಡುವ ವಿಧಾನ: ಐಎಸ್‌ಒ 14091, 2021ರದು. ನಾಲ್ಕನೆಯದು ಹಸಿರುಮನೆ ಅನಿಲಗಳ ಲೆಕ್ಕ: ಜಿಎಚ್‌ಜಿ ಪ್ರೋಟೋಕಾಲ್ ಮತ್ತು ಐಎಸ್‌ಒ 14064ರ ಮೊದಲ ಭಾಗ. ಇನ್ನುಳಿದದ್ದು ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳ ಗುಂಪು. ಅದನ್ನು ಕೊನೆಗೆ ನೋಡೋಣ.

ಕೇಳುತ್ತಿರುವವರು ಯಾರು, ಕಡ್ಡಾಯ ಎಷ್ಟು

ವಿಂಗಡಣೆ ಆದ ಮೇಲೆ ಕಡತದಲ್ಲಿ ಬರೆದುಕೊಳ್ಳಬೇಕಾದ ಮೊದಲ ವಿಷಯ, ಕೇಳುತ್ತಿರುವವರು ಯಾವ ಅಧಿಕಾರದಿಂದ ಕೇಳುತ್ತಿದ್ದಾರೆ ಎಂಬುದು. ಬಿಆರ್‌ಎಸ್‌ಆರ್ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಕಡ್ಡಾಯವಾಗಿದೆ. ನಮ್ಮ ಭಾಗದ ಬಹುಪಾಲು ಘಟಕಗಳು ಆ ಪಟ್ಟಿಯಲ್ಲಿ ಇಲ್ಲ. ಆದರೂ ಪ್ರಶ್ನಾವಳಿ ಬರುತ್ತದೆ, ಏಕೆಂದರೆ ದೊಡ್ಡ ಕಂಪನಿಗಳು ತಮ್ಮ ಪೂರೈಕೆ ಸರಪಳಿಯ ಮಾಹಿತಿಯನ್ನೂ ಕೊಡುವಂತೆ ಸೆಬಿ ದಾರಿ ಹಾಕಿದೆ. 2025ರ ಮಾರ್ಚ್ ಸುತ್ತೋಲೆಯ ಪ್ರಕಾರ ಈ ಭಾಗವು ಮೊದಲ 250 ಕಂಪನಿಗಳಿಗೆ 2025–26ರಿಂದ ಐಚ್ಛಿಕವಾಗಿದ್ದು, ಖರೀದಿ ಅಥವಾ ಮಾರಾಟದ ಮೌಲ್ಯದಲ್ಲಿ ಶೇ 2 ಅಥವಾ ಹೆಚ್ಚಿನ ಪಾಲು ಹೊಂದಿರುವ ಪಾಲುದಾರರಿಗೆ ಅನ್ವಯಿಸುತ್ತದೆ. ನಿಮ್ಮ ಗಿರಾಕಿಯ ಒಟ್ಟು ಖರೀದಿಯಲ್ಲಿ ನಿಮ್ಮ ಪಾಲು ಎಷ್ಟು ಎಂದು ಅವರನ್ನೇ ಕೇಳಿಕೊಂಡರೆ, ಆ ಪ್ರಶ್ನಾವಳಿ ಕಟ್ಟಳೆಯ ಕಾರಣಕ್ಕೆ ಬಂದದ್ದೋ ಅವರ ಖರೀದಿ ವಿಭಾಗದ ಸ್ವಂತ ನಿಯಮವೋ ಎಂಬುದು ಗೊತ್ತಾಗುತ್ತದೆ. ಎರಡಕ್ಕೂ ಉತ್ತರಿಸಬೇಕಾಗಬಹುದು, ಆದರೆ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಬೇರೆಯಾಗುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಫೆಬ್ರುವರಿಯಲ್ಲಿ ಒಂದು ಕರಡು ಹೊರಡಿಸಿತು. ಅದರ ರಚನೆ ಟಿಸಿಎಫ್‌ಡಿಯ ನಾಲ್ಕು ಕಂಬಗಳದ್ದೇ. ವಾಣಿಜ್ಯ ಬ್ಯಾಂಕುಗಳು, ದೊಡ್ಡ ಪಟ್ಟಣ ಸಹಕಾರಿ ಬ್ಯಾಂಕುಗಳು, ನಬಾರ್ಡ್‌ನಂಥ ಸಂಸ್ಥೆಗಳು ಮತ್ತು ಮೇಲಿನ ಸ್ತರದ ಬ್ಯಾಂಕೇತರ ಹಣಕಾಸು ಕಂಪನಿಗಳು ಅದರ ವ್ಯಾಪ್ತಿಯಲ್ಲಿವೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನು ಹೊರಗಿಡಲಾಗಿದೆ. ಮಳೆಯನ್ನೇ ನಂಬಿದ ಎರೆಹೊಲಗಳಿಗೆ ಬೆಳೆಸಾಲ ಕೊಡುವ ಗ್ರಾಮೀಣ ಬ್ಯಾಂಕುಗಳನ್ನೇ ಹೊರಗಿಟ್ಟದ್ದು ಆಡಳಿತದ ಭಾರವನ್ನು ನೋಡಿ ಇರಬಹುದು, ಆದರೆ ಅಪಾಯವನ್ನು ನೋಡಿದರೆ ವಿಚಿತ್ರವಾಗಿ ಕಾಣುತ್ತದೆ.

ಐಎಸ್‌ಒ ಪ್ರಮಾಣಪತ್ರ ಇರುವವರಿಗೆ ಮಾತ್ರ ಕಡ್ಡಾಯವಾಗುವ ಒಂದು ಸಣ್ಣ ತಿದ್ದುಪಡಿಯನ್ನು ನಮ್ಮಲ್ಲಿ ಹಲವರು ಗಮನಿಸಿಲ್ಲ. 2024ರ ಫೆಬ್ರುವರಿಯಲ್ಲಿ 9001, 14001, 45001 ಸೇರಿದಂತೆ ನಿರ್ವಹಣಾ ವ್ಯವಸ್ಥೆಯ ಹಲವು ಮಾನದಂಡಗಳ 4.1ನೆಯ ಕಲಮಿಗೆ, ಹವಾಮಾನ ಬದಲಾವಣೆ ಸಂಬಂಧಪಟ್ಟ ವಿಷಯವೇ ಎಂಬುದನ್ನು ಸಂಸ್ಥೆ ನಿರ್ಧರಿಸತಕ್ಕದ್ದು ಎಂಬ ವಾಕ್ಯ ಸೇರಿತು, 4.2ಕ್ಕೆ, ಗಿರಾಕಿ ಮೊದಲಾದವರಿಗೆ ಇಂಥ ಅಪೇಕ್ಷೆಗಳು ಇರಬಹುದು ಎಂಬ ಟಿಪ್ಪಣಿ ಸೇರಿತು. ಸಂಬಂಧವಿಲ್ಲ ಎಂದು ನಿರ್ಧರಿಸುವುದಕ್ಕೂ ಅವಕಾಶವಿದೆ, ಆದರೆ ನಿರ್ಧರಿಸಲೇಬೇಕು ಮತ್ತು ಕಾರಣ ಇರಬೇಕು. ಬೇಸಿಗೆಯಲ್ಲಿ ಶೆಡ್ಡಿನ ತಗಡಿನ ಕೆಳಗಿನ ಉಷ್ಣತೆ, ಮಳೆಗಾಲದಲ್ಲಿ ಲಾರಿ ಬರುವ ರಸ್ತೆ, ಟ್ಯಾಂಕರ್ ನೀರಿನ ಖರ್ಚು, ಈ ಮೂರನ್ನು ನೋಡದೆ ‘ಅನ್ವಯಿಸುವುದಿಲ್ಲ’ ಎಂದು ಬರೆದ ಕಡತವು ಒಳ್ಳೆಯ ಆಡಿಟರ್ ಮುಂದೆ ನಿಲ್ಲುವುದಿಲ್ಲ.

ಯುರೋಪಿಗೆ ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಸರಕು ಕಳಿಸುವವರು ಸಿಬಿಎಎಂ ಅನ್ನು ಈ ಚೌಕಟ್ಟುಗಳ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬಾರದು. ಅದು ಗಡಿಯಲ್ಲಿ ವಿಧಿಸುವ ಇಂಗಾಲದ ಶುಲ್ಕ. 2023ರ ಅಕ್ಟೋಬರಿನಿಂದ ವರದಿಯ ಹಂತವಿತ್ತು, 2026ರ ಜನವರಿಯಿಂದ ಶುಲ್ಕದ ಹೊಣೆ ಆರಂಭವಾಗಿದೆ. ನಿಮ್ಮ ಸರಕಿನ ಸುಂಕ ಸಂಕೇತ ಅದರ ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಕು.

ಯಾವ ದಿಕ್ಕಿನಿಂದ ನೋಡುತ್ತದೆ

ವರದಿ ಮಾದರಿಗಳ ನಡುವಿನ ನಿಜವಾದ ಭೇದ ಇಲ್ಲಿದೆ. ಐಎಫ್‌ಆರ್‌ಎಸ್ ಎಸ್2 ಕೇಳುವುದು, ಹವಾಮಾನವು ಸಂಸ್ಥೆಯ ಹಣಕಾಸಿಗೆ ಏನು ಮಾಡೀತು ಎಂದು. ಓದುಗರು ಹೂಡಿಕೆದಾರರು ಮತ್ತು ಸಾಲ ಕೊಡುವವರು. ಇಎಸ್‌ಆರ್‌ಎಸ್ ಅದರ ಜೊತೆಗೆ, ಸಂಸ್ಥೆಯು ಹವಾಮಾನಕ್ಕೆ ಮತ್ತು ಸುತ್ತಲಿನ ಜನರಿಗೆ ಏನು ಮಾಡುತ್ತಿದೆ ಎಂದೂ ಕೇಳುತ್ತದೆ. ಅದರ ವ್ಯಾಪ್ತಿಯನ್ನು ಕುಗ್ಗಿಸುವ ಪ್ರಸ್ತಾವವನ್ನು 2025ರಲ್ಲಿ ಯುರೋಪಿಯನ್ ಆಯೋಗವೇ ಮುಂದಿಟ್ಟಿತಾದರೂ ಈ ಎರಡು ದಿಕ್ಕಿನ ನೋಟ ಅದರ ತಿರುಳು. ಬಿಆರ್‌ಎಸ್‌ಆರ್ ಒಂಬತ್ತು ತತ್ವಗಳ ಮೇಲೆ ನಿಂತಿದ್ದು, ಅದರ ದಿಕ್ಕು ಹೆಚ್ಚಾಗಿ ಒಳಗಿನಿಂದ ಹೊರಕ್ಕೆ: ಎಷ್ಟು ನೀರು ಎತ್ತಿದಿರಿ, ಎಷ್ಟು ತ್ಯಾಜ್ಯ ಬಿಟ್ಟಿರಿ, ಎಷ್ಟು ಅನಿಲ ಹೊರಸೂಸಿದಿರಿ. ಅದರ ಮೊದಲ ಭಾಗದಲ್ಲಿ ಪ್ರಮುಖ ವಿಷಯಗಳನ್ನು ಅಪಾಯ ಅಥವಾ ಅವಕಾಶ ಎಂದು ಗುರುತಿಸಿ, ಹಣಕಾಸಿನ ಪರಿಣಾಮ ಬರೆಯುವ ಒಂದು ಕೋಷ್ಟಕವಿದೆ. ಎಸ್2 ಹೇಳುವ ಭೌತಿಕ ಅಪಾಯಗಳಿಗೆ (ನೆರೆ, ಬರ, ಬಿಸಿಯಂಥವು) ಬಿಆರ್‌ಎಸ್‌ಆರ್‌ನಲ್ಲಿ ಸರಿಯಾಗಿ ಹೊಂದುವ ಜಾಗ ಅದು. ಕಂಪನಿಗಳು ಆ ಕೋಷ್ಟಕವನ್ನು ಸಾಮಾನ್ಯ ಮಾತುಗಳಿಂದ ತುಂಬಿಸಿ ಮುಗಿಸುವುದು ವಿಷಾದದ ಸಂಗತಿ.

ಅಪಾಯದ ಸಮೀಕರಣವನ್ನು ನೋಡಿಕೊಳ್ಳಿ

ಅಂದಾಜಿನ ವಿಧಾನಗಳನ್ನು ಹೋಲಿಸುವಾಗ ಮೋಸ ಹೋಗುವ ಜಾಗ ಒಂದಿದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ ದುರ್ಬಲತೆಯೇ ಮುಖ್ಯ ಫಲಿತಾಂಶವಾಗಿತ್ತು. ಪ್ರಕೃತಿಯ ಹೊಡೆತಕ್ಕೆ ಸಿಗುವ ಪ್ರಮಾಣ, ಅದಕ್ಕೆ ಸ್ಪಂದಿಸುವ ಸೂಕ್ಷ್ಮತೆ, ಹೊಂದಿಕೊಳ್ಳುವ ಸಾಮರ್ಥ್ಯ ಈ ಮೂರೂ ಅದರೊಳಗೆ ಬರುತ್ತಿದ್ದವು. 2014ರ ವರದಿಯಲ್ಲಿ ಅಪಾಯವೇ ಮುಖ್ಯವಾಗಿ, ಆಪತ್ತು, ಆಪತ್ತಿನ ದಾರಿಯಲ್ಲಿರುವ ಜನ ಮತ್ತು ಆಸ್ತಿ, ಅವರ ದುರ್ಬಲತೆ ಎಂಬ ಮೂರು ಅಂಶಗಳ ಕೂಟವೆಂದು ಅದನ್ನು ವಿವರಿಸಲಾಯಿತು. ಎರಡು ವರದಿಗಳಲ್ಲಿ ಒಂದೇ ತಾಲ್ಲೂಕಿಗೆ ಬೇರೆ ಬೇರೆ ದರ್ಜೆ ಕಂಡರೆ, ಮೊದಲು ಯಾವ ಸಮೀಕರಣ ಬಳಸಿದ್ದಾರೆ ಎಂದು ನೋಡಬೇಕು.

ಬೆಣ್ಣೆಹಳ್ಳದ ಉದಾಹರಣೆಯಿಂದ ಇದು ತಿಳಿಯಾಗುತ್ತದೆ. 2019ರ ಆಗಸ್ಟ್‌ನಂತೆ ಹಳ್ಳ ಉಕ್ಕಿ ನವಲಗುಂದದ ಕಡೆಯ ಹೊಲಗಳಿಗೆ ನುಗ್ಗುವುದು ಆಪತ್ತು. ಹಳ್ಳದ ದಂಡೆಯಲ್ಲಿರುವ ಗೋದಾಮು, ಹೊಲ, ಸೇತುವೆ ಅದರ ದಾರಿಯಲ್ಲಿರುವ ಆಸ್ತಿ. ಗೋದಾಮಿನ ನೆಲಗಟ್ಟು ತಗ್ಗಿನಲ್ಲಿರುವುದು, ವಿಮೆ ಇಲ್ಲದಿರುವುದು, ಮಾಲನ್ನು ಎತ್ತಿಡಲು ಆಳು ಸಿಗದಿರುವುದು ದುರ್ಬಲತೆ. ಮೂರರಲ್ಲಿ ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದನ್ನು ಬದಲಿಸಲು ಹಣ ಬೇಕು. ಮೂರನೆಯದರಲ್ಲಿ ಬಹುಪಾಲು ಈ ವರ್ಷವೇ ಸರಿಪಡಿಸಬಹುದಾದದ್ದು. ಹೀಗೆ ಬಿಡಿಸಿ ತೋರಿಸುವ ವಿಧಾನವನ್ನೇ ಆಯ್ದುಕೊಳ್ಳಿ. ಎಲ್ಲವನ್ನೂ ಗುಣಿಸಿ ಒಂದೇ ಅಂಕ ಕೊಡುವ ಸೂಚ್ಯಂಕಗಳು ಜಿಲ್ಲೆಗಳನ್ನು ಹೋಲಿಸಲು ಸರಿ, ಒಂದು ಗೋದಾಮಿನ ನಿರ್ಧಾರಕ್ಕೆ ಸಾಲವು.

ಒಂದೇ ಅಪಾಯ, ಹಲವು ಚೌಕಟ್ಟು

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿ ಇಡುವ ಒಂದು ಶೀತಲಗೃಹವನ್ನು ಕಲ್ಪಿಸಿಕೊಂಡು, ಅದರ ಅಪಾಯಗಳನ್ನು ಒಂದೊಂದು ಚೌಕಟ್ಟಿನಲ್ಲಿಯೂ ಇಟ್ಟು ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣದಿಂದ. ಬಣ್ಣ ಉಳಿಸುವುದಕ್ಕಾಗಿಯೇ ವ್ಯಾಪಾರಿಗಳು ಅದನ್ನು ತಂಪಿನಲ್ಲಿ ಇಡುತ್ತಾರೆ. ಕಣದಲ್ಲಿ ಒಣಗಲು ಹರವಿದ ಕಾಯಿಯ ಮೇಲೆ ಅಕಾಲಿಕ ಮಳೆ ಬಿದ್ದರೆ ತೇವ ಉಳಿದು, ಬೂಸ್ಟು ಹಿಡಿದು, ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಬೆಳೆಯುವ ಸಂಭವ ಹೆಚ್ಚುತ್ತದೆ. ಯುರೋಪಿನ ಮಿತಿ ಒಟ್ಟು ಅಫ್ಲಾಟಾಕ್ಸಿನ್‌ಗೆ ಒಂದು ಕಿಲೋಗ್ರಾಂನಲ್ಲಿ 10 ಮೈಕ್ರೋಗ್ರಾಂ. ಅದನ್ನು ದಾಟಿದ ಮಾಲು ಬಂದರಿನಿಂದ ಹಿಂದಿರುಗುತ್ತದೆ.

ಐಎಸ್‌ಒ 14091 ಪ್ರಕಾರ ಇದನ್ನು ಪರಿಣಾಮದ ಸರಪಳಿಯಾಗಿ ಬರೆಯಬೇಕು: ಮಳೆ, ಕಣದ ತೇವ, ಚೀಲದೊಳಗಿನ ಬೂಸ್ಟು, ತಿರಸ್ಕೃತ ಮಾಲು, ಖಾಲಿ ಉಳಿದ ಕೋಣೆ, ಕೈತಪ್ಪಿದ ಬಾಡಿಗೆ. ಪ್ರತಿ ಕೊಂಡಿಯಲ್ಲಿಯೂ ಯಾರ ಕೈಯಲ್ಲಿ ಏನಿದೆ ಎಂದು ಕೇಳುತ್ತ ಹೋದರೆ ತಡೆಯುವ ಜಾಗ ಕಾಣುತ್ತದೆ. ಐಎಸ್‌ಒ 31000 ಪ್ರಕಾರ ಅದೇ ಸರಪಳಿ ಪರಿಹಾರದ ನಿರ್ಧಾರವಾಗುತ್ತದೆ: ಗೇಟಿನಲ್ಲಿ ತೇವಮಾಪಕ ಇಟ್ಟು ಪ್ರತಿ ಲಾಟನ್ನು ಪರೀಕ್ಷಿಸುವುದು, ಹಸಿ ಮಾಲಿಗೆ ಬೇರೆ ಕೋಣೆ, ಹೊಣೆಗಾರ ಯಾರು, ಮುಂದಿನ ಪರಿಶೀಲನೆ ಯಾವಾಗ. ಎಸ್2 ಪ್ರಕಾರ ಬೇಕಾಗುವುದು ರೂಪಾಯಿಯ ಪರಿಣಾಮ. ಅಲ್ಲಿ ಅಕಾಲಿಕ ಮಳೆ ತೀವ್ರ (ಹಠಾತ್ತನೆ ಎರಗುವ) ಅಪಾಯವೆಂದೂ, ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿಸಿಯಾಗಿ ಕಂಪ್ರೆಸರ್ ಹೆಚ್ಚು ಹೊತ್ತು ಓಡುವುದು ದೀರ್ಘಕಾಲಿಕ ಅಪಾಯವೆಂದೂ, ಶೀತಕ ಅನಿಲದ ಮೇಲಿನ ನಿರ್ಬಂಧ ಪರಿವರ್ತನೆಯ (ನಿಯಮ, ತಂತ್ರಜ್ಞಾನ ಬದಲಾಗುವುದರಿಂದ ಬರುವ) ಅಪಾಯವೆಂದೂ ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಈ ಮೂರನೆಯದು ದೂರದ ಮಾತಲ್ಲ: ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯಂತೆ ಭಾರತವು ಎಚ್‌ಎಫ್‌ಸಿ ಎಂಬ ಶೀತಕ ಅನಿಲಗಳ ಬಳಕೆ ಏರುವುದನ್ನು 2028ರಲ್ಲಿ ನಿಲ್ಲಿಸಿ, 2032ರಿಂದ ಹಂತಹಂತವಾಗಿ ಇಳಿಸಬೇಕು.

ಜಿಎಚ್‌ಜಿ ಪ್ರೋಟೋಕಾಲ್‌ನಲ್ಲಿ ಮಳೆಗೆ ಜಾಗವೇ ಇಲ್ಲ. ಅದು ಕೇಳುವುದು ಲೆಕ್ಕ ಮಾತ್ರ. ಉದಾಹರಣೆಗೆ ಈ ಶೀತಲಗೃಹ ವರ್ಷಕ್ಕೆ 5 ಲಕ್ಷ ಯೂನಿಟ್ ವಿದ್ಯುತ್ ಬಳಸಿದರೆ, ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್‌ನಂತೆ 350 ಟನ್. ಇದು ಸ್ಕೋಪ್ 2, ಅಂದರೆ ಕೊಂಡ ವಿದ್ಯುತ್ತಿನ ಲೆಕ್ಕ. ಜನರೇಟರಿಗೆ 10,000 ಲೀಟರ್ ಡೀಸೆಲ್ ಹಾಕಿದ್ದರೆ ಲೀಟರಿಗೆ ಸುಮಾರು 2.7 ಕಿಲೋಗ್ರಾಂನಂತೆ 27 ಟನ್. ಇದು ಸ್ಕೋಪ್ 1, ಅಂದರೆ ಘಟಕದಿಂದಲೇ ನೇರವಾಗಿ ಹೊರಬಿದ್ದದ್ದು. ಯಂತ್ರದಲ್ಲಿ ಆರ್-404ಎ ಅನಿಲವಿದ್ದು 20 ಕಿಲೋಗ್ರಾಂ ಸೋರಿದ್ದರೆ, ಭೂಮಿಯನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡ್‌ನ 3,922 ಪಟ್ಟು ಎಂದು ಹಿಡಿದು ಸುಮಾರು 78 ಟನ್. ಇದೂ ಸ್ಕೋಪ್ 1. ವರ್ಷವಿಡೀ ಸುಟ್ಟ ಡೀಸೆಲ್‌ಗಿಂತ ಕಣ್ಣಿಗೆ ಕಾಣದೆ ಸೋರಿದ ಎರಡು ಸಣ್ಣ ಸಿಲಿಂಡರಿನಷ್ಟು ಅನಿಲದ ಭಾರ ಹೆಚ್ಚು. ಅಮೋನಿಯಾ ಬಳಸುವ ಘಟಕಗಳಲ್ಲಿ ಈ ಸಾಲು ಸೊನ್ನೆಯಾಗುತ್ತದೆ, ಆದರೆ ಅಮೋನಿಯಾ ಸೋರಿದರೆ ಜೀವಕ್ಕೆ ಅಪಾಯವಾಗುವುದರಿಂದ ಅದು ಅಪಾಯಗಳನ್ನು ಬರೆದಿಡುವ ರಿಜಿಸ್ಟರಿನ ಬೇರೆ ಪುಟಕ್ಕೆ ಹೋಗುತ್ತದೆ. ಸರ್ವಿಸ್ ಮೆಕ್ಯಾನಿಕ್ ಗ್ಯಾಸ್ ತುಂಬಿಸಿದ ಬಿಲ್ಲಿನಲ್ಲಿ ತೂಕ ಬರೆಸಿಕೊಳ್ಳದಿದ್ದರೆ ಈ ಲೆಕ್ಕ ಯಾವ ಚೌಕಟ್ಟಿಗೂ ಸಿಗುವುದಿಲ್ಲ. ಬಹಳಷ್ಟು ಬಿಲ್ಲುಗಳಲ್ಲಿ ಇರುವುದು ‘ಗ್ಯಾಸ್ ಚಾರ್ಜಿಂಗ್’ ಎಂಬ ಎರಡು ಪದ ಮತ್ತು ಮೊತ್ತ ಮಾತ್ರ.

ಒಂದೇ ರಿಜಿಸ್ಟರ್

ಮೇಲಿನ ಉದಾಹರಣೆಯಿಂದ ಕೆಲಸದ ಕ್ರಮ ತಾನಾಗಿಯೇ ಹೊರಡುತ್ತದೆ. ಚೌಕಟ್ಟಿಗೊಂದು ಕಡತ ಮಾಡದೆ, ಒಂದು ರಿಸ್ಕ್ ರಿಜಿಸ್ಟರ್ ಮತ್ತು ಒಂದು ಲೆಕ್ಕದ ಹಾಳೆ ಇಡಿ. ರಿಜಿಸ್ಟರಿನಲ್ಲಿ ಘಟನೆ, ಅದು ತಾಗುವ ಜಾಗ ಅಥವಾ ಆಸ್ತಿ, ಹಿಂದೆ ಆದ ದಿನಾಂಕಗಳು ಮತ್ತು ದಾಖಲೆ, ನಮ್ಮ ದುರ್ಬಲತೆ, ಕನಿಷ್ಠ ಮತ್ತು ಗರಿಷ್ಠ ನಷ್ಟದ ಅಂದಾಜು, ಕಾಲಾವಧಿ, ಕೈಗೊಂಡ ಕ್ರಮ, ಹೊಣೆಗಾರರ ಹುದ್ದೆ, ಮರುಪರಿಶೀಲನೆಯ ದಿನ ಇಷ್ಟಿದ್ದರೆ ಸಾಕು. ಲೆಕ್ಕದ ಹಾಳೆಯಲ್ಲಿ ಹೆಸ್ಕಾಂ ಬಿಲ್ಲಿನ ಯೂನಿಟ್, ಡೀಸೆಲ್, ಶೀತಕ ಅನಿಲ, ನೀರು ಇವುಗಳ ತಿಂಗಳವಾರು ಅಂಕಿ ಇರಲಿ. ಪ್ರಶ್ನಾವಳಿ ಬಂದಾಗ ಉತ್ತರವನ್ನು ಇವೆರಡರಿಂದ ಎತ್ತಿಕೊಳ್ಳಬೇಕೇ ಹೊರತು ಉತ್ತರಕ್ಕಾಗಿ ಅಂಕಿ ಹುಡುಕುತ್ತ ಕೂರಬಾರದು.

ಕಾಲಾವಧಿಯನ್ನು ಎಸ್2 ಸಂಸ್ಥೆಗೇ ಬಿಟ್ಟಿದೆ. ಅಲ್ಪ, ಮಧ್ಯಮ, ದೀರ್ಘ ಎಂದರೆ ಎಷ್ಟು ಎಂದು ನೀವೇ ಹೇಳಿ, ಅದು ನಿಮ್ಮ ಯೋಜನೆಗೆ ಹೇಗೆ ಹೊಂದುತ್ತದೆ ಎಂದು ತಿಳಿಸಬೇಕು. ಸಣ್ಣ ಘಟಕಕ್ಕೆ ಮುಂದಿನ ಹಂಗಾಮು, ಸಾಲದ ಅವಧಿ, ಕಟ್ಟಡದ ಆಯುಷ್ಯ ಎಂಬ ಮೂರು ಮಿತಿಗಳು ಚೆನ್ನಾಗಿ ಒಗ್ಗುತ್ತವೆ. ಹೀಗಾದರೆ ಏನು ಎಂದು ಮೊದಲೇ ಯೋಚಿಸುವ ಸನ್ನಿವೇಶ ವಿಶ್ಲೇಷಣೆ ಎಂದೊಡನೆ ಕಂಪ್ಯೂಟರ್ ಮಾದರಿಗಳೇ ಬೇಕೆಂದು ಹೆದರಬೇಕಾಗಿಲ್ಲ, ಏಕೆಂದರೆ ಸಂಸ್ಥೆಯ ಸಾಮರ್ಥ್ಯ ಮತ್ತು ಸಂದರ್ಭಕ್ಕೆ ತಕ್ಕಷ್ಟು ಮಾಡಿದರೆ ಸಾಕು ಎಂದು ಎಸ್2 ಹೇಳುತ್ತದೆ. 2019ರ ನೆರೆ ಮತ್ತು 2023ರ ಬರ ಒಂದರ ಹಿಂದೆ ಒಂದು ವರ್ಷ ಬಂದರೆ ನಮ್ಮ ಘಟಕ ಏನು ಮಾಡುತ್ತದೆ ಎಂದು ಎರಡು ಪುಟ ಬರೆಯುವುದು, ಬಾಡಿಗೆಗೆ ತಂದ ಜಾಗತಿಕ ನಕ್ಷೆಯನ್ನು ವರದಿಗೆ ಅಂಟಿಸುವುದಕ್ಕಿಂತ ಮೇಲು.

ಅಂಕಿಗಳಿಗೆ ದೂರ ಹೋಗಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಜಾಲ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹಬ್ಬಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಹವಾಮಾನದ ದಾಖಲೆಗಳಿವೆ. ಮಿತಿ ಗುರುತಿಸುವಾಗ ಹವಾಮಾನ ಇಲಾಖೆಯ ವ್ಯಾಖ್ಯೆಯನ್ನೇ ಬಳಸಿ: 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ, 204.5 ಮತ್ತು ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರೀ. ಆದರೆ ಕಣದಲ್ಲಿ ಹರವಿದ ಮೆಣಸಿನಕಾಯಿ ಕೆಡಲು ಭಾರೀ ಮಳೆ ಬೇಕಿಲ್ಲ, ಒಂದು ಹದ ಮಳೆ ಸಾಕು. ಆದ್ದರಿಂದ ಇಲಾಖೆಯ ಮಿತಿಯ ಪಕ್ಕದಲ್ಲಿ ನಿಮ್ಮ ವ್ಯವಹಾರದ ಮಿತಿಯನ್ನೂ ಬರೆದಿಡಿ.

ಪಾಲಿಕೆ ಮತ್ತು ಪಂಚಾಯಿತಿಗಳಿಗೆ

ಸ್ಥಳೀಯ ಸಂಸ್ಥೆಗಳಿಗೆ ಹೂಡಿಕೆದಾರರ ವರದಿಗಳು ಹೊಂದುವುದಿಲ್ಲ. ಅವರಿಗೆ ಕಾನೂನಿನ ನೆಲೆ 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು ಅದರಡಿಯ ಜಿಲ್ಲಾ ಯೋಜನೆ. ಗುರಿಗಳ ನೆಲೆ ವಿಪತ್ತಿನ ಅಪಾಯ ತಗ್ಗಿಸುವ ವಿಶ್ವಸಂಸ್ಥೆಯ, 2015ರಿಂದ 2030ರವರೆಗಿನ ಸೆಂಡೈ ಚೌಕಟ್ಟು. ಯೋಜನೆ ರೂಪಿಸುವ ವಿಧಾನ ಸ್ಥಳೀಯ ಆಡಳಿತಕ್ಕಾಗಿಯೇ ಬರೆದ ಐಎಸ್‌ಒ 14092. ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಗಿದ್ದ ಹುಬ್ಬಳ್ಳಿ–ಧಾರವಾಡದಂಥ ನಗರಕ್ಕೆ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ರೂಪಿಸಿದ 28 ಸೂಚಕಗಳ ಹವಾಮಾನ ಮೌಲ್ಯಮಾಪನವೂ ಇದೆ. ಅದು ಇಂಧನ, ಹಸಿರು ಹೊದಿಕೆ, ಸಂಚಾರ, ನೀರು, ತ್ಯಾಜ್ಯ ಎಂಬ ಐದು ವಿಭಾಗಗಳಲ್ಲಿ ನಗರಗಳನ್ನು ಅಳೆಯುತ್ತದೆ. ಸೂಚಕಗಳು ನಗರಗಳನ್ನು ಹೋಲಿಸುತ್ತವೆ, ಉಣಕಲ್ ನಾಲೆಯ ಪಕ್ಕದ ಯಾವ ಓಣಿಗೆ ಮೊದಲು ನೀರು ನುಗ್ಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ವಾರ್ಡ್ ಮಟ್ಟದ ಪಟ್ಟಿ ಬೇಕು, ಮತ್ತು ಅದನ್ನು ಮಳೆಗಾಲಕ್ಕೆ ಮೊದಲು, ನಾಲೆ ಸ್ವಚ್ಛಗೊಳಿಸುವ ಟೆಂಡರ್ ಕರೆಯುವ ಹೊತ್ತಿಗೆ ಸಿದ್ಧಪಡಿಸಿದರೆ ಮಾತ್ರ ಆ ವರ್ಷದ ಕೆಲಸಕ್ಕೆ ಬರುತ್ತದೆ.